ಎರಡನೇ ಕಮಾನಿನ ಕೆಳಗೆ

ಇನಾಯತುಲ್ಲಾ ಏಳು ಕಾಫಿ ಮಗ್‌ಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಬೋರಲು ಹಾಕಿದರು. ಅವುಗಳ ಮೇಲೆ ತರಕಾರಿ ಹೆಚ್ಚುವ ಉದ್ದನೆಯ ಮಣೆ ಇಟ್ಟರು. ಮಣೆಯ ಮೇಲೆ ಸ್ಟೀಲ್ ಲೋಟಗಳು ಬಂದವು. ಲೋಟ ಹನ್ನೆರಡು ಬೇಕಿತ್ತು, ಅಡುಗೆಮನೆಯಲ್ಲಿ ಸಿಕ್ಕಿದ್ದು ಒಂಬತ್ತು.

"ಒಂದು ಮಗ್‌ಗೂ ಇನ್ನೊಂದಕ್ಕೂ ನಡುವೆ ಸಂದಿದೆಯಲ್ಲ, ಅದೇ ಕಮಾನು ಅಂದ್ಕೊಳ್ಳಿ," ಎಂದರು. "ಕೆಳಗೆ ಆರು, ಅದರ ಮೇಲೆ ಹನ್ನೊಂದು. ಎಲ್ಲಕ್ಕಿಂತ ಮೇಲೆ ಸಣ್ಣಸಣ್ಣದು ಮೂವತ್ತೈದು. ಅಷ್ಟು ಪಾತ್ರೆ ನಮ್ಮನೇಲಿಲ್ಲ."

"ನಮ್ಮನೇಲಿದೆ ಅಂಕಲ್," ಎಂದ ಶಶಾಂಕ್. "ನಮ್ಮತ್ತೆ ಬಂದಾಗೆಲ್ಲ ಒಂದು ಸೂಟ್‌ಕೇಸ್ ಪೂರ್ತಿ ಪಾತ್ರೆ ತರ್ತಾರೆ."

"ಅದೇ ಸೂಟ್‌ಕೇಸಲ್ಲಿ ಬರೋ ಕೋಡುಬಳೆ ಮಾತ್ರ ಎಣಿಸಲ್ಲ ನೋಡಿ ಇವ್ನು," ಎಂದಳು ಅವನ ಹೆಂಡತಿ ಹರಿಣಿ. ಅವಳ ಕಣ್ಣು ಮಗ್‌ಗಳ ಮೇಲೇ ಇತ್ತು. ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದಿದವಳು. ಅಮೆರಿಕಕ್ಕೆ ಗಂಡನ ವೀಸಾದ ಮೇಲೆ ಬಂದವಳು, ಕೆಲಸ ಮಾಡುವ ಹಾಗಿಲ್ಲ.

ದಕ್ಷಿಣ ಫ್ರಾನ್ಸಿನಲ್ಲಿ ಗಾರ್ಡೋಂ ಎಂಬ ಹೊಳೆಗೆ ಅಡ್ಡಲಾಗಿ ರೋಮನ್ನರು ಕಟ್ಟಿದ ಮೂರಂತಸ್ತಿನ ಕಲ್ಲಿನ ಕಾಲುವೆ ಸೇತುವೆ ಅದು. ನೀಮ್ ಪಟ್ಟಣಕ್ಕೆ ನೀರು ಒಯ್ಯಲು ಕಟ್ಟಿದ್ದು. ಮುಂದಿನ ತಿಂಗಳು ಶಶಾಂಕ್ ಮತ್ತು ಹರಿಣಿ ಹತ್ತು ದಿನ ಆ ಕಡೆ ಹೋಗುವವರಿದ್ದರು. ಮೇರಿಲ್ಯಾಂಡ್, ವರ್ಜೀನಿಯಾದ ಕನ್ನಡದವರಲ್ಲಿ ಯಾರು ಆ ಕಡೆ ಹೊರಟರೂ ಮೊದಲು ಕ್ಲಾರ್ಕ್ಸ್‌ಬರ್ಗ್‌ನ ಇನಾಯತ್ ಅಂಕಲ್‌ಗೆ ಫೋನ್ ಮಾಡುವುದು ಎರಡು ವರ್ಷದಿಂದ ರೂಢಿಯಾಗಿತ್ತು. ರಾಕ್‌ವಿಲ್‌ನ ಒಂದು ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಈ ಮೈಸೂರಿನ ಮನುಷ್ಯನಿಗೆ ಹುಡುಗರು ರೋಮನ್ ಅಂಕಲ್ ಎಂದು ಹೆಸರಿಟ್ಟಿದ್ದರು. ಅವರಿಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ.

"ಆವಿನ್ಯೋಂನಲ್ಲಿ ಮನೆ ಮಾಡಿ," ಎಂದರು. "ದಿನಾ ಬ್ಯಾಗ್ ಹೊತ್ಕೊಂಡು ಊರು ಬದಲಾಯಿಸಬೇಡಿ. ಅಲ್ಲಿಂದ ಆರ್ಲ್‌ಗೆ ಟ್ರೇನಲ್ಲಿ ಇಪ್ಪತ್ತು ನಿಮಿಷ. ಒರಾಂಜ್ ಇನ್ನೂ ಹತ್ತಿರ. ಅಲ್ಲಿ ಥಿಯೇಟರಿನ ಗೋಡೆ ಒಂದಿದೆ, ಮೂವತ್ತೇಳು ಮೀಟರ್ ಎತ್ತರ. ಅದರ ಮುಂದೆ ನಿಂತ್ಕೊಂಡು ಕೆಮ್ಮಿದ್ರೂ ಕೊನೇ ಸಾಲಿಗೆ ಕೇಳುತ್ತೆ. ವೆಜೋಂಗೆ ಮಂಗಳವಾರ ಹೋಗಿ, ಸಂತೆ ಇರುತ್ತೆ. ಅಲ್ಲಿನ ಸೇತುವೆಗೆ ಒಂದೇ ಕಮಾನು. ತೊಂಬತ್ತೆರಡರ ಪ್ರವಾಹದಲ್ಲಿ ಪಕ್ಕದ ಮನೆಗಳೆಲ್ಲ ಕೊಚ್ಚಿಕೊಂಡು ಹೋದವು. ಸೇತುವೆಗೆ ಹೋಗಿದ್ದು ಮೇಲಿನ ತಡೆಗೋಡೆ ಮಾತ್ರ. ಈಗಲೂ ಜನ ಅದರ ಮೇಲೇ ಓಡಾಡ್ತಾರೆ."

"ಸೇಂ ರೆಮಿ?" ಎಂದಳು ಹರಿಣಿ.

"ಅರ್ಧ ದಿನ ಸಾಕು. ಊರಾಚೆ ರಸ್ತೆ ಪಕ್ಕದಲ್ಲೇ ಒಂದು ಕಮಾನು, ಒಂದು ಸಮಾಧಿ ಇದೆ. ಬೇಲಿ ಇಲ್ಲ, ಟಿಕೆಟ್ ಇಲ್ಲ. ಎದುರಿಗೆ ಗ್ಲಾನಂ, ಅದೊಂದು ಇಡೀ ಊರೇ ಅಗೆದು ತೆಗೆದಿದ್ದಾರೆ. ಜೈನಬ್‌ಗೆ ಅಲ್ಲಿನ ಚರಂಡಿ ಬಹಳ ಇಷ್ಟ. ಚಪ್ಪಡಿ ಮುಚ್ಚಿರೋ ಚರಂಡಿ. ನಮ್ಮ ಮಂಡಿ ಮೊಹಲ್ಲಾಕ್ಕೆ ಈಗಲೂ ಇಂಥದ್ದು ಬಂದಿಲ್ಲ ಅಂತಿದ್ಲು."

ಶಶಾಂಕ್ ನಕ್ಕ. ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಟೀ ಸೋಸುತ್ತಿದ್ದ ಸಾದಿಯಾ ಅಮ್ಮನ ಹೆಸರು ಕೇಳಿ ತಲೆಯೆತ್ತಿ ಅಪ್ಪನ ಕಡೆ ನೋಡಿದಳು. ಕಾಲೇಜ್ ಪಾರ್ಕ್‌ ಊರಿನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಮಗಳು, ವಾರಾಂತ್ಯಕ್ಕೆ ಬಂದಿದ್ದಳು. ಅಪ್ಪ ಇಂಥ ಸಲಹೆ ಕೊಡುತ್ತಾರೆಂದು ಅವಳಿಗೆ ಗೊತ್ತಿತ್ತು. ಎದುರಿಗಿದ್ದು ಕೇಳಿದ್ದು ಇದೇ ಮೊದಲು.

ಇನಾಯತುಲ್ಲಾ ಊಟದ ತಟ್ಟೆಯ ಅಂಚಿಗೆ ಸರಿಸಿಟ್ಟಿದ್ದ ಒಂದು ಏಲಕ್ಕಿಯನ್ನು ಎತ್ತಿಕೊಂಡು ಪೇಪರ್ ನ್ಯಾಪ್ಕಿನ್ನಿನಲ್ಲಿ ಒರೆಸಿದರು. ಮಧ್ಯಾಹ್ನ ಹರಿಣಿಗಾಗಿ ಮಾಂಸ ಹಾಕದ ಕುಷ್ಕಾ ಮಾಡಿದ್ದರು. ಜೈನಬ್ ಹೇಳಿಕೊಟ್ಟ ಅಳತೆ ಅವರ ಕೈಗೆ ಇನ್ನೂ ಸರಿಯಾಗಿ ಹತ್ತಿರಲಿಲ್ಲ, ಏಲಕ್ಕಿ ಯಾವಾಗಲೂ ಹೆಚ್ಚಾಗುತ್ತಿತ್ತು.

"ಇದು ಮನುಷ್ಯ," ಎಂದು ಏಲಕ್ಕಿಯನ್ನು ಮಗ್‌ನ ಬುಡದಲ್ಲಿಟ್ಟರು. "ಸೇತುವೆ ನಲವತ್ತೊಂಬತ್ತು ಮೀಟರ್. ನೋಡಿ, ಮನುಷ್ಯ ಕಾಣೋದೇ ಇಲ್ಲ."

"ಆಂಟಿ ಕೂತಿದ್ದು ಎಲ್ಲಿ ಅಂಕಲ್?" ಎಂದಳು ಹರಿಣಿ. "ಯುಗಾದಿ ದಿವಸ ಹೇಳಿದ್ರಲ್ಲ, ಕಾಲು ನೀರಲ್ಲಿ ಇಳಿಬಿಟ್ಕೊಂಡು ಟಿಫಿನ್ ಡಬ್ಬಿಯಿಂದ ಪಲಾವ್ ತಿಂದ್ರು, ಒಂದು ಚಪ್ಪಲಿ ತೇಲಿ ಹೋಯ್ತು ಅಂತ."

ಅವರು ಏಲಕ್ಕಿಯನ್ನು ಬೆರಳ ತುದಿಯಿಂದ ಸರಿಸಿ ಎರಡನೇ ಸಂದಿನ ಕೆಳಗೆ ತಂದರು. "ಇಲ್ಲಿ. ಎರಡನೇ ಕಮಾನು. ಅಲ್ಲಿ ನೆರಳಿರುತ್ತೆ, ಬಂಡೆ ಚಪ್ಪಟೆ. ಚಪ್ಪಲಿ ಹೋಗಿದ್ದಕ್ಕೆ ಏನಂದ್ಲು ಗೊತ್ತಾ? ಇನ್ನು ಸಾವಿರ ವರ್ಷ ಆದ್ಮೇಲೆ ಅಗೆದು ತೆಗೆದು, ಇಲ್ಲಿ ಬಾಟಾ ಎಂಬ ರಾಜ ಆಳ್ತಿದ್ದ ಅಂತಾರೆ ನೋಡಿ, ಅಂದ್ಲು."

ಹರಿಣಿ ಜೋರಾಗಿ ನಕ್ಕಳು. ಅಡುಗೆಮನೆಯಲ್ಲಿ ಟೀ ಸೋಸುವ ಸದ್ದು ನಿಂತಿತು.

ಜೈನಬ್ ಮೈಸೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕಿಯಾಗಿದ್ದಳು. ಮಗಳು ಚಿಕ್ಕವಳಿದ್ದಾಗ ಗಂಡನ ಜೊತೆ ಇಲ್ಲಿಗೆ ಬಂದು, ಹರಿಣಿಯ ಹಾಗೆಯೇ ಮನೆಯಲ್ಲಿ ಕೂತಳು. ಕೂತಲ್ಲೇ ಆ ಒಂದು ಮೂಲೆಯ ರೋಮನ್ ಊರುಗಳನ್ನೆಲ್ಲ ಓದಿದಳು. ಊರುಗಳ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಫೋನಿನಲ್ಲಿ ಕೇಳಿ ಕೇಳಿ ಕಲಿತು, ಗಂಡನಿಗೂ ಕಲಿಸಿದಳು. ಮಗ್, ಮಣೆ, ಲೋಟ ಜೋಡಿಸುವುದು ಅವಳದೇ ಪದ್ಧತಿ.

ಎಲ್ಲರೂ ತಂತಮ್ಮ ಅಡುಗೆ ತಂದು ಸೇರುವ ಯುಗಾದಿಯ ಪಾಟ್‌ಲಕ್‌ನಲ್ಲಿ ಎರಡು ವರ್ಷದ ಹಿಂದೆ ಯಾರೋ ನೀಮ್ ಬಗ್ಗೆ ಕೇಳಿದ್ದರು. ಇನಾಯತುಲ್ಲಾ ಗೊತ್ತಿದ್ದದ್ದನ್ನೆಲ್ಲ ಹೇಳಿದ್ದರು. ಕೇಳಿದವರು, ಆಂಟಿ ಜೊತೆ ಹೋಗಿದ್ರಾ, ಎಂದರು. ಇವರು ಹೂಂ ಎಂದರು. ಆ ಒಂದು ಹೂಂ ಎಂಬುದರಿಂದ ಮುಂದಿನದೆಲ್ಲ ಬೆಳೆಯಿತು. ಎರಡು ಸಾವಿರದ ಹದಿನೆಂಟರ ಅಕ್ಟೋಬರ್ ಎಂದು ತಿಂಗಳು ಸಿಕ್ಕಿತು. ಚಳಿ ಸ್ವಲ್ಪ ಇತ್ತು ಎಂದು ಹವಾಮಾನ ಸಿಕ್ಕಿತು. ಫೋಟೋಗಳಿದ್ದ ಹಳೆಯ ಫೋನು ಹಾಳಾಯಿತು. ಹೇಳುತ್ತಿದ್ದಷ್ಟು ಹೊತ್ತು ಜೈನಬ್ ಅಲ್ಲಿ ಬಿಸಿಲಿನಲ್ಲಿ ನಡೆದಾಡುತ್ತಿದ್ದಳು. ಹೇಳಿ ಮುಗಿಸಿ ಕಾರು ಹತ್ತಿದಾಗ ಪಕ್ಕದ ಸೀಟು ಖಾಲಿ ಇರುತ್ತಿತ್ತು, ಅಷ್ಟೇ.

ಸಾದಿಯಾ ಟೀ ತಂದಿಟ್ಟಳು. ಮಗ್‌ಗಳೆಲ್ಲ ಸೇತುವೆಯಾಗಿದ್ದರಿಂದ ಪೇಪರ್ ಕಪ್ಪುಗಳಲ್ಲಿ ತಂದಿದ್ದಳು. ಅಪ್ಪನ ಕಪ್ಪನ್ನು ಅವರ ಕೈಗೆ ಕೊಡದೆ ಮೇಜಿನ ಮೇಲಿಟ್ಟು, ಎದುರಿನ ಕುರ್ಚಿಯಲ್ಲಿ ಕೂತಳು.

ಶಶಾಂಕ್ ಒಂದು ಗುಟುಕು ಕುಡಿದು ಗಂಟಲು ಸರಿಮಾಡಿಕೊಂಡ. "ಅಂಕಲ್, ಜಾಗಗಳು ಗೊತ್ತಾಯ್ತು. ಆದ್ರೆ ನಾವು ಆಕ್ಚುಯಲಿ ಬಂದಿದ್ದು ಇನ್ನೊಂದು ವಿಷಯಕ್ಕೆ. ನಂದು ವೀಸಾ ಸ್ಟ್ಯಾಂಪ್ ಡಿಸೆಂಬರ್‌ನಲ್ಲೇ ಎಕ್ಸ್‌ಪೈರ್ ಆಗಿದೆ."

"ಇಲ್ಲಿರೋಕೆ ತೊಂದ್ರೆ ಇಲ್ಲವಲ್ಲ," ಎಂದರು ಇನಾಯತುಲ್ಲಾ.

"ಇಲ್ಲಿರೋಕೆ ಇಲ್ಲ. ಹೊರಗೆ ಹೋದ್ರೆ ವಾಪಸ್ ಬರೋಕೆ ಹೊಸ ಸ್ಟ್ಯಾಂಪ್ ಬೇಕು. ಪ್ಯಾರಿಸ್‌ನಲ್ಲಿ ಇಂಟರ್‌ವ್ಯೂ ಡೇಟ್ ಸಿಕ್ಕಿದೆ. ಆದ್ರೆ ಅಲ್ಲೇನಾದ್ರೂ ಇನ್ನಷ್ಟು ಪರಿಶೀಲನೆ ಬೇಕು ಅಂತ ಚೀಟಿ ಕೊಟ್ಬಿಟ್ರೆ ಅಲ್ಲೇ ಸಿಕ್ಕಾಕ್ಕೋತೀವಿ. ಲಾಯರ್ ಹೋಗಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ."

"ಇವ್ನು ಕ್ಯಾನ್ಸಲ್ ಮಾಡೋಣ ಅಂತಾನೆ," ಎಂದಳು ಹರಿಣಿ. "ಹೋದ ವರ್ಷ ಹಾಗೇ ಮಾಡಿದ್ವಿ, ಅದರ ಹಿಂದಿನ ವರ್ಷಾನೂ. ಗ್ರೀನ್ ಕಾರ್ಡ್ ಬರ್ಲಿ, ಆಮೇಲೆ ಎಲ್ಲಾ ಕಡೆ ಹೋಗೋಣ ಅಂತ. ನಾನಂದೆ, ಇನಾಯತ್ ಅಂಕಲ್ ನಿನ್ನ ಥರಾನೇ ವೀಸಾ ಮೇಲಿದ್ದಾಗ್ಲೇ ಆಂಟೀನ ಕರ್ಕೊಂಡು ಹೋಗಿ ಬಂದಿದಾರೆ, ಅವ್ರನ್ನೇ ಕೇಳು ಅಂತ."

"ಅದೇ ಅಂಕಲ್. ನೀವು ಪ್ಯಾರಿಸ್‌ನಲ್ಲೇ ಸ್ಟ್ಯಾಂಪಿಂಗ್ ಮಾಡಿಸಿದ್ರಾ? ಏನೇನು ಡಾಕ್ಯುಮೆಂಟ್ಸ್ ಕೇಳಿದ್ರು? ನೀವು ಏನೂ ತೊಂದ್ರೆ ಆಗಲಿಲ್ಲ ಅಂದ್ರಂತೆ. ಅದಾದ್ರೆ ನಾನು ಧೈರ್ಯ ಮಾಡ್ತೀನಿ."

ಇನಾಯತುಲ್ಲಾ ಪೇಪರ್ ಕಪ್ಪಿನ ಅಂಚನ್ನು ಉಗುರಿನಿಂದ ಒತ್ತಿದರು. ಉತ್ತರ ಸುಲಭವಿತ್ತು. ಯಾವ ಪತ್ರಗಳನ್ನು ಕೇಳುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಂಪನಿಯ ಕಾಗದ, ಸಂಬಳದ ಚೀಟಿ, ಅರ್ಜಿ ಮಂಜೂರಾದ ನೋಟಿಸು. ಸರಾಗವಾಗಿ ಹೇಳಿಬಿಡಬಹುದಿತ್ತು. ಈ ಹುಡುಗ ಅದನ್ನು ನಂಬಿಕೊಂಡು ವಿಮಾನ ಹತ್ತುತ್ತಿದ್ದ.

ಶಶಾಂಕ್ ಹೆದರುತ್ತಿದ್ದ ಪರಿಶೀಲನೆಯ ಚೀಟಿ ಅವರಿಗೂ ಒಮ್ಮೆ ಸಿಕ್ಕಿತ್ತು. ಮೊದಲ ಸಲ ರಜೆಗೆ ಊರಿಗೆ ಹೋದಾಗ, ವಾಪಸ್ ಬರುವ ಸ್ಟ್ಯಾಂಪಿಗೆ ಕಾದು ಕಾದು, ಮೈಸೂರಿನಲ್ಲಿ ಒಂದೂವರೆ ತಿಂಗಳು ಕೂತಿದ್ದರು. ಕಂಪನಿಯವರು ಪ್ರತಿ ವಾರ ಫೋನ್ ಮಾಡಿ, ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದರು, ಕೊನೆಯ ಫೋನಿನಲ್ಲಿ ಹಾಗೆ ಕೇಳಲೂ ಇಲ್ಲ. ಕೆಲಸ ಹೇಗೋ ಉಳಿಯಿತು. ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಈ ದೇಶದ ಗಡಿ ದಾಟುವುದಿಲ್ಲವೆಂದು ಅವರು ಆವತ್ತು ನಿಶ್ಚಯಿಸಿದರು. ಪ್ರತಿ ವಸಂತದಲ್ಲೂ ಜೈನಬ್ ಕೇಳುತ್ತಿದ್ದಳು, ಪ್ರತಿ ವಸಂತದಲ್ಲೂ ಇವರು ಮುಂದಿನ ವರ್ಷ ಎನ್ನುತ್ತಿದ್ದರು. ಇಪ್ಪತ್ತೊಂದರ ಫೆಬ್ರವರಿಯಲ್ಲಿ, ಒಂದು ಬೆಳಿಗ್ಗೆ ಸಿಂಕ್‌ನ ಮುಂದೆ ನಿಂತಿದ್ದವಳು ತಲೆ ನೋವು ಎಂದು ಕುಳಿತಳು, ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಗ್ರೀನ್ ಕಾರ್ಡ್ ಟಪಾಲಿನಲ್ಲಿ ಬಂತು. ಮೂರು ಬರಬೇಕಿದ್ದ ಲಕೋಟೆಗಳು ಎರಡೇ ಇದ್ದವು.

"ಅಂಕಲ್?" ಎಂದ ಶಶಾಂಕ್.

ಇನಾಯತುಲ್ಲಾ ಮಗಳ ಕಡೆ ನೋಡಿದರು. ಅವಳು ಏಲಕ್ಕಿಯನ್ನು ನೋಡುತ್ತಿದ್ದಳು.

"ನಾವು ಹೋಗಿಲ್ಲ," ಎಂದರು.

"ಪ್ಯಾರಿಸ್‌ಗಾ? ಮತ್ತೆ ಸ್ಟ್ಯಾಂಪಿಂಗ್ ಎಲ್ಲಿ..."

"ಎಲ್ಲಿಗೂ ಹೋಗಿಲ್ಲಪ್ಪ. ನಾನೂ ಹೋಗಿಲ್ಲ, ಅವಳೂ ಹೋಗಿಲ್ಲ. ಈ ಸೇತುವೆ ನಾನು ನೋಡಿಲ್ಲ."

ಫ್ರಿಜ್‌ನ ಮೋಟರು ಶುರುವಾಯಿತು. ಹರಿಣಿಯ ಮುಖದ ಮೇಲೆ ನಗು ಸ್ವಲ್ಪ ಉಳಿದಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದ ಹಾಗೆ.

"ನಿಮ್ಮ ವೀಸಾ ವಿಷಯ ನನ್ನ ಮಾತಿನ ಮೇಲೆ ನಿಂತಿದೆ ಅಂತ ಗೊತ್ತಾಗಿದ್ದಕ್ಕೆ ಹೇಳ್ತಿದೀನಿ," ಎಂದರು ಇನಾಯತುಲ್ಲಾ. "ಇಲ್ಲದಿದ್ರೆ ಹೇಳ್ತಿರಲಿಲ್ಲ. ಟ್ರೇನು, ಸಂತೆ, ಅಳತೆ ಎಲ್ಲ ಸರಿಯಾಗಿದೆ. ಅದನ್ನ ನೀವು ನಂಬಬಹುದು. ನಾವು ಹೋಗಿದ್ವಿ ಅನ್ನೋದೊಂದೇ ಸುಳ್ಳು."

"ಹಾಗಾದ್ರೆ ಆ ಪಲಾವ್," ಎಂದಳು ಹರಿಣಿ ಮೆಲ್ಲಗೆ. "ಚಪ್ಪಲಿ. ಅದೆಲ್ಲ..."

"ಅದು ನಿಜ," ಎಂದಳು ಸಾದಿಯಾ.

ಮೂವರೂ ಅವಳ ಕಡೆ ತಿರುಗಿದರು. ಸಾದಿಯಾಳ ಕನ್ನಡ ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತದ್ದು. ಒಂದೊಂದು ಮಾತನ್ನೂ ಹುಡುಕಿ ಇಡುತ್ತಿದ್ದಳು.

"ಅದು ಡಿಕರ್ಸನ್‌ನಲ್ಲಿ. ಇಲ್ಲೇ, ಟ್ವೆಂಟಿ ಮಿನಿಟ್ಸ್ ಡ್ರೈವ್. ಮನಾಕಸಿ ಅಕ್ವಡಕ್ಟ್. ಕಾಲುವೆದು ಬ್ರಿಜ್. ಸೆವೆನ್ ಆರ್ಚಸ್. ಅಮ್ಮಿಗೆ ಫ್ರಾನ್ಸ್ ಹೋಗಕ್ಕೆ ಆಗಲಿಲ್ಲ, so ನಾವು ಅಲ್ಲಿಗೆ ಹೋಗ್ತಿದ್ವಿ. ಎವ್ರಿ ಸ್ಪ್ರಿಂಗ್. ಅಮ್ಮಿ ಸೆಕೆಂಡ್ ಆರ್ಚ್ ಕೆಳಗೆ ಕೂತ್ಕೋತಿದ್ರು. ಚಪ್ಪಲ್ ಹೋಗಿದ್ದು ನಾನು ನೋಡಿದೀನಿ. I ran after it. ಸಿಗ್ಲಿಲ್ಲ."

ಇನಾಯತುಲ್ಲಾ ತಲೆ ತಗ್ಗಿಸಿದರು. ರೋಮನ್ನರು ನದಿ ಮೇಲೆ ನೀರು ದಾಟಿಸಿದರು, ಇಲ್ಲಿಯವರು ನದಿ ಮೇಲೆ ಕಾಲುವೆ ಕಟ್ಟಿ ದೋಣಿ ದಾಟಿಸಿದರು, ನಮ್ಮ ಮನೆಯವರನ್ನು ಮಾತ್ರ ಯಾವುದರಿಂದಲೂ ದಾಟಿಸಲಾಗುವುದಿಲ್ಲ ಎಂದು ಜೈನಬ್ ಆ ಸೇತುವೆಯ ಕೆಳಗೆ ಕೂತು ಹೇಳಿದ್ದಳು. ಆ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ಫ್ರಾನ್ಸಿನ ಕಥೆಯಲ್ಲಿ ಅದು ಹೊಂದುತ್ತಿರಲಿಲ್ಲ.

ಶಶಾಂಕ್ ಫೋನನ್ನು ಕೈಯಲ್ಲಿ ತಿರುಗಿಸಿ ಮೇಜಿನ ಮೇಲಿಟ್ಟ. "ಸಾರಿ ಅಂಕಲ್. ನಾವು ಕೇಳಬಾರದಿತ್ತು." ಆಮೇಲೆ ಹೆಂಡತಿಯ ಕಡೆ ನೋಡದೆ, "ಹಾಗಿದ್ರೆ ಈ ಸಲ ಬಿಟ್ಟು ಮುಂದಿನ ವರ್ಷ ನೋಡೋದೇ ಸೇಫು, ಅಲ್ವಾ?" ಎಂದ.

ಹೋಗಿ ಎನ್ನಲು ಹೊರಟರೆ ಇನಾಯತುಲ್ಲಾಗೆ ಆ ಚೀಟಿ ನೆನಪಾಗುತ್ತಿತ್ತು. ಬೇಡ ಎನ್ನುವುದಕ್ಕೆ ಬಾಯಿ ಬರಲಿಲ್ಲ.

"ನೀವು ಮುಂದಿನ ವರ್ಷ ಅಂದಾಗ ಆಂಟಿ ಏನಂತಿದ್ರು ಅಂಕಲ್?" ಎಂದಳು ಹರಿಣಿ.

"ಜಗಳ ಆಡ್ತಿದ್ಲು ಅಂದ್ಕೊಂಡ್ಯಾ?" ಅವರು ಮಣೆಯ ಮೇಲಿನ ಒಂದು ಲೋಟವನ್ನು ನೇರ ಮಾಡಿದರು. "ಇಲ್ಲಮ್ಮ. ಸರಿ, ಹಾಗಾದ್ರೆ ಈ ಭಾನುವಾರ ಡಿಕರ್ಸನ್‌ಗೆ ಹೋಗೋಣ, ಅಂತಿದ್ಲು."

ಹರಿಣಿ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಹೊರಗೆ ಎದುರು ಮನೆಯವನು ಹುಲ್ಲು ಕತ್ತರಿಸುತ್ತಿದ್ದ. ಶಶಾಂಕ್ ಅವಳನ್ನೇ ನೋಡುತ್ತಿದ್ದ, ಅವಳು ತಿರುಗಲಿಲ್ಲ.

ಹೊರಡುವಾಗ ಅವರು ಬಾಗಿಲಲ್ಲಿ ಷೂ ಹಾಕಿಕೊಂಡರು. ಶಶಾಂಕ್, ಲಾಯರ್‌ಗೆ ಸೋಮವಾರ ಇನ್ನೊಂದ್ಸಲ ಫೋನ್ ಮಾಡ್ತೀನಿ, ಎಂದ. ಅದು ಯಾರಿಗೆ ಹೇಳಿದ್ದೆಂದು ಸ್ಪಷ್ಟವಿರಲಿಲ್ಲ. ಸಾದಿಯಾ ಉಳಿದ ಕುಷ್ಕಾವನ್ನು ಮೊಸರಿನ ಡಬ್ಬಿಯಲ್ಲಿ ತುಂಬಿ ಹರಿಣಿಯ ಕೈಗೆ ಕೊಟ್ಟಳು.

"ಬರ್ತೀವಿ ಅಂಕಲ್," ಎಂದಳು ಹರಿಣಿ.

"ಹೋದ್ರೆ," ಎಂದರು ಇನಾಯತುಲ್ಲಾ, "ಸೇತುವೆ ಹತ್ರ ಸಂಜೆವರೆಗೂ ಇರಿ. ಬೇಗ ಹೊರಟುಬಿಡಬೇಡಿ. ಬಿಸಿಲು ಇಳಿದಾಗ ಆ ಕಲ್ಲಿಗೆ ಜೇನಿನ ಬಣ್ಣ ಬರುತ್ತೆ." ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತರು. "ಅಂತ ಓದಿದೀನಿ," ಎಂದು ಸೇರಿಸಿದರು.

ಕಾರು ತಿರುವು ದಾಟಿ ಹೋದ ಮೇಲೂ ಅವರು ಸ್ವಲ್ಪ ಹೊತ್ತು ಬಾಗಿಲಲ್ಲೇ ಇದ್ದರು. ಒಳಗೆ ಬಂದಾಗ ಸಾದಿಯಾ ಮೇಜಿನ ಮುಂದೆ ನಿಂತಿದ್ದಳು. ಮನೆಯಲ್ಲಿ ಅವರಿಬ್ಬರ ಮಾತು ಉರ್ದು. ಆ ಮಾತಿನಲ್ಲಿ ಅವಳಿಗೆ ತಡವರಿಕೆ ಇರಲಿಲ್ಲ.

"ಅಬ್ಬು, ಆ ಕಥೇಲಿ ನಾನಿದ್ನಾ?"

"ಯಾವ ಕಥೆ?"

"ಫ್ರಾನ್ಸ್‌ಗೆ ಹೋದಾಗ. ನೀವಿಬ್ರೇನಾ? ನನ್ನೂ ಕರ್ಕೊಂಡು ಹೋಗಿದ್ರಾ?"

"ನಿನಗೆ ಸ್ಕೂಲ್ ಇತ್ತು," ಎಂದರು. "ಅಕ್ಟೋಬರ್ ಅಲ್ವಾ. ರೆಸ್ಟನ್‌ನಲ್ಲಿ ಉಷಾ ಆಂಟಿ ಮನೇಲಿ ಬಿಟ್ಟು ಹೋಗಿದ್ವಿ."

"ಉಷಾ ಆಂಟಿ ಮನೇಲಿ."

"ಅಮ್ಮಿ ದಿನಾ ಫೋನ್ ಮಾಡ್ತಿದ್ಲು ನಿನಗೆ. ಅಲ್ಲಿಂದ ಒಂದು ಸ್ಕಾರ್ಫ್ ತಂದ್ಲು. ಹಳದಿ."

ಸಾದಿಯಾ ನಕ್ಕಳು. ನಗು ಅರ್ಧಕ್ಕೆ ಕೆಟ್ಟಿತು. ಅವಳು ತೋಳಿನಿಂದ ಮುಖ ಒರೆಸಿಕೊಂಡಳು. "ಹಳದಿ ನನಗೆ ಹೊಂದಲ್ಲ ಅಂತ ಅಮ್ಮಿಗೆ ಗೊತ್ತಿತ್ತು."

"ಹೌದಲ್ಲ," ಎಂದರು ಇನಾಯತುಲ್ಲಾ. "ಅದನ್ನ ನಾನು ಯೋಚನೆ ಮಾಡಲಿಲ್ಲ."

ಅವರು ಕುರ್ಚಿಯಲ್ಲಿ ಕೂತರು. ಇನ್ನು ಮುಂದೆ ಯಾರಾದರೂ ಫೋನ್ ಮಾಡಿದರೆ ಆವಿನ್ಯೋಂನಲ್ಲಿ ಮನೆ ಮಾಡಿ ಎನ್ನಬಹುದಿತ್ತು, ಮಂಗಳವಾರದ ಸಂತೆ ಹೇಳಬಹುದಿತ್ತು. ಅದರಾಚೆ ಹೇಳಲು ಏನಿದೆಯೆಂದು ಯೋಚಿಸಿದರು. ಗಾರ್ಡೋಂ ಹೊಳೆಯ ದಂಡೆ, ಚಪ್ಪಟೆ ಬಂಡೆ, ನೆರಳು ಎಲ್ಲ ಇದ್ದಲ್ಲೇ ಇದ್ದವು. ಬಂಡೆಯ ಮೇಲೆ ಯಾರೂ ಇರಲಿಲ್ಲ.

ಸಾದಿಯಾ ಲೋಟಗಳನ್ನು ಎರಡೆರಡಾಗಿ ತೆಗೆದು ಸಿಂಕ್‌ನಲ್ಲಿಟ್ಟಳು. ಮಣೆಯನ್ನು ಒರೆಸಿ ಗೋಡೆಗೆ ಒರಗಿಸಿದಳು. ಮಗ್‌ಗಳನ್ನು ಒಂದೊಂದಾಗಿ ನೆಟ್ಟಗೆ ತಿರುಗಿಸಿ, ಕೊಕ್ಕೆಗಳಿಗೆ ಸಿಕ್ಕಿಸಿದಳು. ಮೇಜಿನ ಮೇಲೆ ಏಳು ದುಂಡನೆಯ ಗುರುತುಗಳು ಉಳಿದವು, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಆ ಏಲಕ್ಕಿ.

ಅವಳು ಒದ್ದೆ ಬಟ್ಟೆ ತಂದು ಆ ತುದಿಯಿಂದ ಒರೆಸುತ್ತ ಬಂದಳು. ಗುರುತುಗಳು ಒಂದೊಂದಾಗಿ ಹೋದವು. ಏಲಕ್ಕಿಯ ಹತ್ತಿರ ಬಂದಾಗ ಕೈ ನಿಧಾನವಾಯಿತು, ಬಟ್ಟೆ ಅದನ್ನು ಬಳಸಿಕೊಂಡು ಮುಂದೆ ಹೋಯಿತು.